ಒರಗಿ ತುಳಿಯುವವರ ಗಾಲಿ

ಕಬ್ಬಾಳಮ್ಮನ ಗುಡಿ ಹತ್ತಿರ ಕೇಳಿಸಿದ ಮಾತೊಂದು ವಾರವಾದರೂ ತಲೆಯಿಂದ ಇಳಿದಿಲ್ಲ. ಸಾತನೂರು ಕಡೆಯಿಂದ ಒಬ್ಬರು ಈಜಿಚೇರಿನಲ್ಲಿ ಒರಗಿದ ಹಾಗೆ ಕಾಲು ಮುಂದೆ ಚಾಚಿ ಸೈಕಲ್ ತುಳಿಯುತ್ತ ಬಂದರು. ಎರಡೂ ಗಾಲಿ 20 ಇಂಚಿನವು. ಕಾಯಿ ಅಂಗಡಿಯ ಹಿರಿಯರು ನೋಡಿ, ‘ಈ ಸಣ್ ಗಾಲೀಲಿ ಎಷ್ಟ್ ತುಳುದ್ರೂ ಊರು ಬರಾಕಿಲ್ಲ ಕಣಪ್ಪ’ ಅಂದರು.

ಲೆಕ್ಕಕ್ಕೆ ಕೂತೆ. ಹಾಲಿನವರ ಸೈಕಲ್ಲಿಗೆ 28ರ ಗಾಲಿ, ಮುಂದೆ 44 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್. ಅದೇ ಹಲ್ಲಿಗೆ 20ರ ಗಾಲಿಯಾದರೆ ನಾಲ್ಕು ಮೀಟರೂ ಇಲ್ಲ. ಆದರೆ ಮುಂದೆ 62 ಹಲ್ಲು ಕೊಟ್ಟರೆ ಕೊರತೆ ತೀರಿತು. 1933ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಇಂಥದೇ ಸಣ್ಣ ಗಾಲಿಯ ಸೈಕಲ್ಲಿನಲ್ಲಿ ಒರಗಿ ಒಂದು ಗಂಟೆಯಲ್ಲಿ 45 ಕಿಲೋಮೀಟರ್ ದಾಟಿದ. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಅದನ್ನು ಪಂದ್ಯದಿಂದ ಆಚೆ ಹಾಕಿತು.

ಇದೇ ಲೆಕ್ಕವನ್ನು ಸೈಕಲ್ಲಿನವರು ಇಂಚಿನಲ್ಲೂ ಹೇಳುತ್ತಾರೆ: 44ನ್ನು 18ರಿಂದ ಭಾಗಿಸಿ 28ರಿಂದ ಗುಣಿಸಿದರೆ ಸುಮಾರು 68 ಇಂಚು. ಯಾವುದರ ಇಂಚು? ಚೈನಿಲ್ಲದೆ, ಪೆಡಲನ್ನು ಮುಂದಿನ ಗಾಲಿಗೇ ಬಿಗಿದಿದ್ದ ಹತ್ತೊಂಬತ್ತನೇ ಶತಮಾನದ ಎತ್ತರದ ಸೈಕಲ್ಲಿನ ಗಾಲಿಯದು. ಕಾಲು ಎಷ್ಟುದ್ದವೋ ಗಾಲಿ ಅಷ್ಟೇ ದೊಡ್ಡದು. 68ಕ್ಕೆ ಯಾರ ಕಾಲು ಸಾಲುತ್ತಿತ್ತು? ಚೈನ್ ಬಂದು ಕುಳ್ಳರಿಗೂ ಅದು ದಕ್ಕಿತು. ಗಾಲಿ ಹೋಗಿ ನೂರು ವರ್ಷ ಮೀರಿದರೂ ಇಂಚು ಹೋಗಿಲ್ಲ.

ಇಂಚಿನ ಮೇಲೆ ನನಗೊಂದು ಮುನಿಸೂ ಇದೆ. ‘20’ ಎಂದು ಬರೆದ ಟೈರ್ 406 ಮಿಲಿಮೀಟರ್ ರಿಮ್ಮಿನದೂ ಇರಬಹುದು, 451ರದೂ ಇರಬಹುದು. ತಪ್ಪು ಟೈರ್ ತಂದು ಬೆರಳು ಕೆತ್ತಿಸಿಕೊಂಡವನು ಹೇಳುತ್ತಿದ್ದೇನೆ.

ಒರಗಿ ತುಳಿಯುವ ಸೈಕಲ್ಲಿನ ಮುಂದಿನ ಗಾಲಿ ಸಣ್ಣದಾಗಲು ಕಾರಣವುಂಟು: ದೊಡ್ಡದಾದರೆ ತಿರುವಿನಲ್ಲಿ ಹಿಮ್ಮಡಿಗೆ ತಗಲುತ್ತದೆ. ಆದರೆ ಫೋರ್ಕಿನ ಓರೆ, ಬಾಗು ಹಾಗೇ ಇದ್ದು ಗಾಲಿ ಮಾತ್ರ ಕುಗ್ಗಿದರೆ ಹ್ಯಾಂಡಲ್ ಚುರುಕಾಗುತ್ತದೆ, ಮುಟ್ಟಿದರೆ ಹೊರಳುತ್ತದೆ. ಗುಂಡಿಯಲ್ಲೂ ಹೆಚ್ಚು ಇಳಿಯುತ್ತದೆ. ನಮ್ಮ ರಸ್ತೆಗಳ ಬಗ್ಗೆ ಬೇರೆ ಹೇಳಬೇಕೆ!

ಇಷ್ಟು ಬರೆದ ಮೇಲೆ, ಹಿರಿಯರೂ ನಾನೂ ದೂರವನ್ನೇ ಅಳೆಯುತ್ತಿದ್ದೆವು ಅನ್ನಿಸಿತು. ಕಬ್ಬಾಳದುರ್ಗದ ಕಡೆಯ ಏರಿನಲ್ಲಿ ಹಾಲಿನವರು ಸೀಟು ಬಿಟ್ಟೆದ್ದು ಮೈಭಾರವನ್ನೆಲ್ಲ ಪೆಡಲಿಗೆ ಹಾಕುತ್ತಾರೆ. ಒರಗಿದವರು ಏಳುವಂತಿಲ್ಲ, ಮುಂದೆ ಹಲ್ಲು ಹೆಚ್ಚಿಸದ ಸಣ್ಣ ಗಾಲಿಯ ಹಗುರ ತುಳಿತವೇ ಅವರಿಗೆ ಆಸರೆ. ಆದರೆ ಹಗುರವೆಂದರೆ ನಿಧಾನ. ನಿಧಾನಕ್ಕೆ ಆ ಚುರುಕು ಹ್ಯಾಂಡಲ್ ಸುಮ್ಮನಿರಬೇಕಲ್ಲ? ಬೀಳದೆ ಎಷ್ಟು ನಿಧಾನ ಹೋಗಬಲ್ಲರು ಅನ್ನುವುದನ್ನು ನಾವಿಬ್ಬರೂ ಕೇಳಲೇ ಇಲ್ಲ.

ಅವತ್ತು ಏರಿನ ಧೂಳಿನಲ್ಲಿ ಆ ಒರಗಿದವರ ಗಾಲಿಯ ಗುರುತು ಹಾವು ಹರಿದ ಹಾಗೆ ಬಿದ್ದಿತ್ತು. ಅರ್ಧಕ್ಕೆ ಇಳಿದು, ತಗ್ಗಿನ ಹ್ಯಾಂಡಲಿಗೆ ಸೊಂಟ ಬಗ್ಗಿಸಿ ತಳ್ಳಿಕೊಂಡು ಹೋದರು.