ಬೋರ್ಡಿಗೆ ಮಸಿ ಬಳಿದದ್ದಾಯಿತು, ಇನ್ನು ಬರೆಯುವವರು ಯಾರು?

ಕನ್ನಡದ ಹುಡುಗರೇ, ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯಲು ಏಣಿ ಬೇಕು, ಡಬ್ಬ ಬೇಕು, ಆಮೇಲೆ ಸ್ಟೇಷನ್ನಿನಿಂದ ಬಿಡಿಸಿಕೊಂಡು ಬರಲು ಒಬ್ಬ ವಕೀಲರೂ ಬೇಕು. ಅದಕ್ಕೆಲ್ಲ ನೀವು ತಯಾರು. ಕಿಸೆಯಲ್ಲಿರುವ ಮೊಬೈಲ್ ತೆಗೆದು ಕನ್ನಡದಲ್ಲಿ ಹತ್ತು ಸಾಲು ಬರೆಯಿರಿ ಎಂದರೆ ಮಾತ್ರ 'ಅಣ್ಣಾ, ಟೈಮಿಲ್ಲ'!

ಲೆಕ್ಕ ನೋಡಿ. ಕನ್ನಡ ವಿಕಿಪೀಡಿಯ ಹುಟ್ಟಿದ್ದು 2003ರಲ್ಲಿ. ಇಪ್ಪತ್ತು ವರ್ಷ ಕಳೆದ ಮೇಲೂ ಅದರಲ್ಲಿರುವ ಲೇಖನಗಳು 30 ಸಾವಿರ ಚಿಲ್ಲರೆ. ತಮಿಳರದು ಒಂದೂವರೆ ಲಕ್ಷ ದಾಟಿದೆ. ನಮಗಿಂತ ಕಡಿಮೆ ಜನ ಇರುವ ಮಲಯಾಳಿಗಳದು 80 ಸಾವಿರ ದಾಟಿದೆ. ಕಾವೇರಿ ನೀರಿಗೆ ಬೀದಿಗಿಳಿಯುವ ನಮಗೆ ಈ ಲೆಕ್ಕ ನೋಡಿದರೆ ಹೊಟ್ಟೆ ಉರಿಯುವುದಿಲ್ಲವೇ?

ಇರುವ ಲೇಖನಗಳ ಗತಿಯೂ ಕೇಳಬೇಡಿ. 2009-10ರ ಸುಮಾರಿಗೆ ಗೂಗಲ್ ಕಂಪನಿ ತನ್ನ ಅನುವಾದದ ಯಂತ್ರ ಪಳಗಿಸಲು ಇಂಗ್ಲಿಷ್ ಲೇಖನಗಳನ್ನು ದುಡ್ಡು ಕೊಟ್ಟು ಭಾರತದ ಭಾಷೆಗಳಿಗೆ ತಿರುಗಿಸಿ ಸುರಿಯಿತು. ಬಂಗಾಳಿಗಳು ಈ ಕಸ ಬೇಡ ಎಂದರು. ತಮಿಳರು ಎದುರು ಕುಳಿತು ಷರತ್ತು ಹಾಕಿದರು. ನಾವು? ನಮ್ಮ ಮನೆಯಲ್ಲಿ ಕಾವಲಿಗೆ ನಾಲ್ಕು ಜನ ಇದ್ದರೆ ತಾನೇ ಬಾಗಿಲು ಹಾಕುವುದು!

2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. ಊರೂರಲ್ಲಿ ಕೂಗಿದೆವು, ಕೂಗಬೇಕಾದದ್ದೇ. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂಬ ಮುಕ್ತ ಪರವಾನಗಿಗೆ ಒಪ್ಪಿಸಿತು. 1969ರಲ್ಲಿ ಮೊದಲ ಸಂಪುಟ ಕಂಡು 14 ಸಂಪುಟಗಳಾಗಿ ಬೆಳೆದ, ನಮ್ಮ ವಿದ್ವಾಂಸರು ಬೆವರು ಸುರಿಸಿದ ಆಸ್ತಿ ಅದು. ಆವತ್ತು ಎಷ್ಟು ಜನ ಪಟಾಕಿ ಹೊಡೆದಿರಿ? ಕೋರ್ಟು ಕಿತ್ತುಕೊಂಡದ್ದು ಎಲ್ಲರಿಗೂ ಗೊತ್ತು. ಮೈಸೂರು ಕೊಟ್ಟದ್ದು ಯಾರಿಗೂ ಗೊತ್ತಿಲ್ಲ.

ಈಗ ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆ ಹೋಗಿ ಬಾವಲಿ ಚೆಕ್‌ಪೋಸ್ಟ್ ದಾಟಿ. ಆಚೆ ವಯನಾಡು. ಅಲ್ಲಿ 2009ರಿಂದ 'ಸ್ಕೂಲ್ ವಿಕಿ' ಎಂಬುದೊಂದಿದೆ. ಮಾಡಿದ್ದು ಅಲ್ಲಿನ ಸರ್ಕಾರದ್ದೇ ಐಟಿ ಅಟ್ ಸ್ಕೂಲ್ ಯೋಜನೆ, ಈಗ ಅದರ ಹೆಸರು ಕೈಟ್. ಸುಮಾರು 15 ಸಾವಿರ ಶಾಲೆಗಳು ಅದರೊಳಗೆ ಬರುತ್ತವೆ. ಶಾಲೆಯ ಚರಿತ್ರೆ, ಊರಿನ ಹೆಸರು ಬಂದ ಬಗೆ, ಮಕ್ಕಳ ಕತೆ, ಪದ್ಯ ಎಲ್ಲವನ್ನೂ ಮಕ್ಕಳೂ ಮೇಷ್ಟರುಗಳೂ ಮಲಯಾಳದಲ್ಲೇ ಬರೆಯುತ್ತಾರೆ. ಚೆನ್ನಾಗಿ ಬರೆದ ಶಾಲೆಗೆ ಪ್ರಶಸ್ತಿಯೂ ಉಂಟು.

ನಮ್ಮಲ್ಲಿ ಇಲ್ಲವೇ ಎಂದರೆ, ಇದೆ ಸ್ವಾಮಿ! 2013ರಲ್ಲಿ ನಮ್ಮ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ವಿಕಿ ಕಟ್ಟಿದರು. ಸರ್ಕಾರಿ ಹೈಸ್ಕೂಲಿನ ಗಣಿತ, ವಿಜ್ಞಾನ, ಸಮಾಜದ ಮೇಷ್ಟರುಗಳೇ ಪಾಠ ಬರೆದು ಹಾಕಿದ ಜಾಗ ಅದು. ಕೆಲಸ ಒಳ್ಳೆಯದೇ. ಆದರೆ ನಿಮ್ಮ ಬೀದಿಯ ಹೈಸ್ಕೂಲಿಗೆ ಹೋಗಿ ಅದರ ಹೆಸರು ಕೇಳಿ ನೋಡಿ, ಏನು ಉತ್ತರ ಬರುತ್ತದೋ. ಕೇರಳ ಮಕ್ಕಳ ಕೈಗೆ ಪೆನ್ನು ಕೊಟ್ಟಿತು, ನಾವು ಮೇಷ್ಟರ ತರಬೇತಿಯಲ್ಲೇ ನಿಂತೆವು. ವ್ಯತ್ಯಾಸ ಅಲ್ಲಿದೆ.

'ಯಾರು ಬೇಕಾದರೂ ತಿದ್ದುವುದನ್ನು ನಂಬುವುದು ಹೇಗೆ?' ಎಂದು ಕೆಲವು ಮೇಷ್ಟರುಗಳು ಮೂಗು ಮುರಿಯುತ್ತಾರೆ. ಓದಿದ್ದು ಪಿಯುಸಿಯಾದರೂ ಪ್ರೆಸ್ಸಿನವನಾಗಿ ಹೇಳುತ್ತೇನೆ, ಇದು ಪ್ರೂಫ್ ತಿದ್ದುವ ಕೆಲಸವೇ. ನಮ್ಮಲ್ಲಿ ಮೊದಲ ಪ್ರೂಫು, ಎರಡನೇ ಪ್ರೂಫು ಕೊನೆಗೆ ರದ್ದಿಗೆ ಹೋಗುತ್ತವೆ. ವಿಕಿಯಲ್ಲಿ ಹೋಗುವುದಿಲ್ಲ. ಯಾರು, ಯಾವ ದಿನ, ಯಾವ ಅಕ್ಷರ ತಿದ್ದಿದರು ಎಂಬುದು ಇತಿಹಾಸದ ಪುಟದಲ್ಲಿ ಉಳಿಯುತ್ತದೆ. ಪಕ್ಕದಲ್ಲೇ ಚರ್ಚೆಯ ಪುಟ. ಮಗು ತಪ್ಪು ಬರೆದರೆ ಇನ್ನೊಂದು ಮಗು 'ಆಧಾರ ಎಲ್ಲಿ?' ಎಂದು ಕೇಳುತ್ತದೆ. ಗೈಡ್ ಉರು ಹೊಡೆಯುವ ಮಗುವಿಗೆ ಈ ಪ್ರಶ್ನೆ ಕೇಳಲು ಯಾರು ಕಲಿಸಿದ್ದಾರೆ?

ನಮ್ಮ ಗಾವಡಗೆರೆ ಸುತ್ತಿನ ಮಗುವಿಗೆ ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಹದ ಮಾಡುವುದು ಗೊತ್ತು, ಬೇಲ್ ಕಟ್ಟಿ ಕಟ್ಟೆಮಳಲವಾಡಿಯ ಹರಾಜಿಗೆ ಒಯ್ಯುವುದು ಗೊತ್ತು. ನಾಗರಹೊಳೆ ಅಂಚಿನ ಹಾಡಿಯ ಜೇನುಕುರುಬರ ಮಗುವಿಗೆ ಗೊತ್ತಿರುವ ಗಿಡದ ಹೆಸರು ಬಾಟನಿ ಲೆಕ್ಚರರಿಗೆ ಗೊತ್ತಿರಲಾರದು. ಇದನ್ನು ವಿಕಿಪೀಡಿಯದಲ್ಲಿ ಹಾಕಲು ಹೋದರೆ ಅಚ್ಚಾದ ಆಧಾರ ಕೇಳುತ್ತಾರೆ, ಅದು ಅವರ ನಿಯಮ, ತಪ್ಪಲ್ಲ. ಅದಕ್ಕೇ ಶಾಲೆಗಳಿಗೆ ಪ್ರತ್ಯೇಕ ಕನ್ನಡ ವಿಕಿ ಬೇಕು ಎನ್ನುವುದು.

ಅಚ್ಚಾದ ಆಧಾರವೇನೂ ಇಲ್ಲದಿಲ್ಲ. ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ಜಾತ್ರೆಯ ಪುಸ್ತಕ, ಸೊಸೈಟಿಯ ವರದಿ ಎಲ್ಲವೂ ನಮ್ಮಂಥ ಸಣ್ಣ ಪ್ರೆಸ್ಸುಗಳಲ್ಲೇ ಅಚ್ಚಾದವು. ಮುನ್ನೂರು ಪ್ರತಿ ಹೊಡೆದು ಹಂಚಿ, ಉಳಿದದ್ದು ಗೆದ್ದಲಿಗೆ. ಫೈಲು ಉಳಿದಿದ್ದರೂ ಅದು ಪೇಜ್‌ಮೇಕರ್‌ನಲ್ಲಿ, ನುಡಿಯ ಹಳೇ ಫಾಂಟಿನಲ್ಲಿರುತ್ತದೆ. ಪೇಜ್‌ಮೇಕರ್‌ಗೆ ಯೂನಿಕೋಡ್ ಬಾರದು. ಆ ಅಕ್ಷರಗಳನ್ನು ಹಾಗೇ ಎತ್ತಿ ಇಂಟರ್ನೆಟ್ಟಿಗೆ ಹಾಕಿದರೆ ಕನ್ನಡ ಮಾಯ, ರೋಮನ್ ಲಿಪಿಯ ಕಸ ಪ್ರತ್ಯಕ್ಷ! ಹುಡುಕಿದವನಿಗೆ ಸಿಗುವುದೇ ಇಲ್ಲ. ಕನ್ನಡದ ಎಷ್ಟೋ ವರ್ಷಗಳ ಬರಹ ಹೀಗೆ ಕಂಪ್ಯೂಟರಿನೊಳಗೇ ಜೈಲು ಸೇರಿದೆ. ಬೀಗದ ಕೈ ದೊಡ್ಡದೇನಲ್ಲ, ಪರಿವರ್ತಕ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಅರ್ಕಾವತ್ತು ಅಲ್ಲಲ್ಲಿ ಕೈಕೊಡುತ್ತದೆ, ಕೂತು ಪ್ರೂಫ್ ನೋಡಬೇಕು ಅಷ್ಟೆ.

ಆದ್ದರಿಂದ ಈ ಸಲ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಬಿಟ್ಟು ನಿಮ್ಮೂರಿನ ಸರ್ಕಾರಿ ಹೈಸ್ಕೂಲಿಗೆ ಹೋಗಿ. ಹೆಡ್ಮಾಸ್ಟರ ಬೀರುವಿನಲ್ಲಿರುವ ಹಳೇ ಸಂಚಿಕೆ ಹೊರಗೆ ತೆಗೆಸಿ, ಅಚ್ಚು ಹಾಕಿದ ಪ್ರೆಸ್ ಹುಡುಕಿ, ಫೈಲು ಕೇಳಿ. ಲೇಖಕರ ಒಪ್ಪಿಗೆ ಪಡೆಯಿರಿ. ಹಾಗೇ ಶಿಕ್ಷಣ ಇಲಾಖೆಗೆ ಮನವಿ ಕೊಡಿ: ಬಾವಲಿಯ ಆಚೆ 2009ರಲ್ಲೇ ಆದದ್ದು ಈಚೆ ಯಾವಾಗ? ಉತ್ತರ ಬರವಣಿಗೆಯಲ್ಲೇ ಕೊಡಲಿ, ಕನ್ನಡದಲ್ಲಿ, ಯೂನಿಕೋಡ್‌ನಲ್ಲಿ.