ಹೋದ ಊರಿನ ಬಾವುಟಕ್ಕೂ ಒಂದು ಜಾಗ ಇರಲಿ



ನಮ್ಮ ಜೋಗಿಮಟ್ಟಿ ಸೀಮೆಗೂ ಸಮುದ್ರಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಅಂತ ನೀವು ಕೇಳಬಹುದು. ನಮ್ಮಲ್ಲಿ ಎಷ್ಟೋ ಜನ ಹಡಗು ನೋಡಿರುವುದು ಪುಸ್ತಕದ ಚಿತ್ರದಲ್ಲಿ ಮಾತ್ರ. ಆದರೂ ಹಡಗಿನವರು ಪಾಲಿಸುವ ಒಂದು ಪದ್ಧತಿ ನಮ್ಮೂರ ಸರ್ಕಲ್ಲಿಗೂ ಬೇಕಾಗಿದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೇ ಈ ಲೇಖನ.

ಆ ಪದ್ಧತಿ ಏನಪ್ಪ ಅಂದ್ರೆ, ಒಂದು ದೇಶದ ಹಡಗು ಇನ್ನೊಂದು ದೇಶದ ಬಂದರಿಗೆ ಹೋದಾಗ ತನ್ನ ಬಾವುಟವನ್ನು ಹಿಂಭಾಗದಲ್ಲಿ ಹಾರಿಸುತ್ತದೆ. ಜೊತೆಗೆ, ತಾನು ಹೋದ ದೇಶದ ಬಾವುಟವನ್ನೂ ಕಂಬದ ಬಲಗಡೆ ಏರಿಸುತ್ತದೆ. ಇದಕ್ಕೆ ಸೌಜನ್ಯ ಧ್ವಜ ಎನ್ನಬಹುದು. ಪಣಂಬೂರಿನಲ್ಲಿರುವ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಅಲ್ಲಿಗೆ ಕಚ್ಚಾ ತೈಲ ತರುವ ಹಡಗುಗಳು, ಪ್ರವಾಸಿಗರ ದೊಡ್ಡ ಹಡಗುಗಳು ಹೊರದೇಶಗಳಿಂದ ಬರುತ್ತವೆ. ಅಂಥ ಪರದೇಶದ ಹಡಗು ನಮ್ಮ ತ್ರಿವರ್ಣ ಧ್ವಜವನ್ನು ಏರಿಸುವುದು ಇದೇ ಪದ್ಧತಿಯಿಂದ. ಹಾಗೆಯೇ ನಮ್ಮ ವ್ಯಾಪಾರಿ ಹಡಗು ಕೊಲಂಬೋಗೆ ಹೋದರೆ ಶ್ರೀಲಂಕಾದ ಬಾವುಟ ಏರಿಸಬೇಕು. ಆಗ ಹಿಂಭಾಗದಲ್ಲಿ ಹಾರುವುದು ಮೂಲೆಯಲ್ಲಿ ತ್ರಿವರ್ಣ ಇರುವ ಕೆಂಪು ಬಾವುಟ. ಭಾರತದ ವ್ಯಾಪಾರಿ ಹಡಗುಗಳ ಗುರುತು ಅದು.

ಇನ್ನೊಂದು ಸ್ವಾರಸ್ಯ ಕೇಳಿ. ಬೇರೆ ದೇಶದ ನೀರಿಗೆ ಬಂದ ದೋಣಿ ಮೊದಲು ಒಂದು ಹಳದಿ ಬಾವುಟ ಏರಿಸುತ್ತದೆ. "ನಮ್ಮಲ್ಲಿ ರೋಗರುಜಿನ ಇಲ್ಲ, ಒಳಗೆ ಬರಲು ಅಪ್ಪಣೆ ಕೊಡಿ" ಅಂತ ಅದರ ಅರ್ಥ. ಅಧಿಕಾರಿಗಳು ತಪಾಸಣೆ ಮುಗಿಸಿ ಒಪ್ಪಿಗೆ ಕೊಟ್ಟ ಮೇಲೆ ಹಳದಿ ಬಾವುಟ ಇಳಿಯುತ್ತದೆ. ನಾವು ಬೇರೆಯವರ ಮನೆ ಹೊಸ್ತಿಲಲ್ಲಿ ನಿಂತು "ಯಾರಿದ್ದೀರಾ ಒಳಗೆ?" ಅಂತ ಕೂಗುವುದಿಲ್ಲವೇ, ಹಾಗೆ.

ನಾನು ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಗೆಳೆಯ ಸಿಟ್ಟಾದ. "ನಮ್ಮ ಬಾವುಟಕ್ಕಾಗಿ ಜನ ಗುಂಡು ತಿಂದಿದ್ದಾರೆ. ನಾವ್ಯಾಕೆ ಇನ್ನೊಬ್ಬರದ್ದು ಏರಿಸಬೇಕು? ಅದು ಗುಲಾಮಗಿರಿ ಕಣೋ" ಅಂದ. ಅವನ ಮಾತಿನ ಮೊದಲ ಭಾಗ ಅಕ್ಷರಶಃ ನಿಜ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅನೇಕರು ಸತ್ತರು. ಆಗ ನಮ್ಮ ಚಿತ್ರದುರ್ಗವೂ ಅದೇ ಮೈಸೂರು ಸಂಸ್ಥಾನದಲ್ಲಿತ್ತು.

ಆದರೆ ಆಮೇಲೆ ಏನಾಯಿತು ಎಂಬುದನ್ನೂ ನಾವು ಓದಬೇಕು. ಸರ್ದಾರ್ ಪಟೇಲರು ಮತ್ತು ಆಚಾರ್ಯ ಕೃಪಲಾನಿಯವರು ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಜೊತೆ ಮಾತುಕತೆ ನಡೆಸಿದರು. ಸಮಾರಂಭಗಳಲ್ಲಿ ಸಂಸ್ಥಾನದ ಬಾವುಟವನ್ನೂ ಕಾಂಗ್ರೆಸ್ಸಿನ ತ್ರಿವರ್ಣ ಬಾವುಟವನ್ನೂ ಜೊತೆಯಲ್ಲಿ ಹಾರಿಸುವುದು ಎಂದು ಒಪ್ಪಂದವಾಯಿತು. ಹಾಗಂತ ಚಳವಳಿಗಾರರು ಗುಲಾಮರಾದರೇ? ಇಲ್ಲ. ಒಂಬತ್ತೇ ವರ್ಷಕ್ಕೆ ಸ್ವಾತಂತ್ರ್ಯ ಬಂತು. ಪಕ್ಕದಲ್ಲಿ ಇನ್ನೊಂದು ಬಾವುಟ ಹಾರಿದ ಮಾತ್ರಕ್ಕೆ ನಮ್ಮದು ಸಣ್ಣದಾಗುವುದಿಲ್ಲ.

ಹಡಗಿನಲ್ಲಿಯೂ ಅಷ್ಟೇ. ತನ್ನ ಬಾವುಟ ಇಳಿಸಿ ಬೇರೆಯವರದ್ದು ಏರಿಸಿದರೆ ಅದು ಶರಣಾಗತಿ. ತನ್ನದನ್ನು ಅದರ ಜಾಗದಲ್ಲಿ ಇಟ್ಟುಕೊಂಡೇ ಇವರದ್ದನ್ನೂ ಏರಿಸಿದರೆ ಅದು ಮರ್ಯಾದೆ. ಶಾಂತಿಯ ಕಾಲದಲ್ಲಿ ಒಂದು ದೇಶದ ಧ್ವಜದ ಮೇಲೆ ಇನ್ನೊಂದು ದೇಶದ ಧ್ವಜ ಹಾರಿಸಬಾರದು ಎಂಬುದು ಅಂತರರಾಷ್ಟ್ರೀಯ ಪದ್ಧತಿ. ನಮ್ಮ 2002ರ ಧ್ವಜ ಸಂಹಿತೆಯಲ್ಲೂ ಈ ಮಾತು ಇದೆ. ಅದಕ್ಕೇ ಎರಡಕ್ಕೂ ಬೇರೆ ಬೇರೆ ಜಾಗ, ಬೇರೆ ಬೇರೆ ಹಗ್ಗ.

ಕೆಲವು ದೇಶಗಳಲ್ಲಿ ಸೌಜನ್ಯ ಧ್ವಜ ಹಾಕದಿದ್ದರೆ ದಂಡ ಬೀಳುತ್ತದೆ. ಆದರೆ ಬಹಳ ಕಡೆ ಇದು ಬರೀ ಸಂಪ್ರದಾಯ. ದಂಡಕ್ಕೆ ಹೆದರಿ ಕಟ್ಟಿದರೆ ಅದು ಬಟ್ಟೆ, ಮನಸ್ಸಿಟ್ಟು ಕಟ್ಟಿದರೆ ಬಾವುಟ. ಹರಿದ, ಬಣ್ಣ ಮಾಸಿದ ಬಾವುಟ ಏರಿಸುವುದು ಏರಿಸದೇ ಇರುವುದಕ್ಕಿಂತ ದೊಡ್ಡ ಅವಮಾನ ಅನ್ನುತ್ತಾರೆ. ನಮ್ಮ ಜೋಗಿಮಟ್ಟಿ ಗಾಳಿ ನಿಮಗೆ ಗೊತ್ತೇ ಇದೆ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಇಲ್ಲಿ ಬಾವುಟದ ಅಂಚು ಬೇಗ ಬಿಚ್ಚಿಹೋಗುತ್ತದೆ. ಸಮುದ್ರದ ಮೇಲೆ ಗಾಳಿಯ ಜೊತೆ ಉಪ್ಪೂ ಸೇರುತ್ತದೆ. ಆದರೂ ಹಡಗಿನವರು ಹಳೆಯದು ತೆಗೆದು ಹೊಸದು ಕಟ್ಟಬೇಕು. ನಾವಾದರೋ ಹಬ್ಬ ಮುಗಿದ ಮೇಲೆ ಕಂಬದ ಕಡೆ ತಲೆ ಎತ್ತಿಯೂ ನೋಡುವುದಿಲ್ಲ.

ಬಾವುಟಕ್ಕೆ ಎಷ್ಟು ಬೆಲೆ ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿನಲ್ಲಿ ಮುಕ್ತಿ ಬಾವುಟ ಲಕ್ಷಗಟ್ಟಲೆ ರೂಪಾಯಿಗೆ ಹರಾಜಾಗುತ್ತದೆ. ಬೆಲೆ ಗೊತ್ತಿರುವ ನಮಗೆ ಜಾಗ ಮಾತ್ರ ಗೊತ್ತಿಲ್ಲ. ನಮ್ಮೂರ ಸರ್ಕಲ್ಲಿನಲ್ಲಿ ಯಾರ ಬಾವುಟ ಮೇಲೆ, ಯಾರದ್ದು ಕೆಳಗೆ ಅಂತ ದೊಡ್ಡವರೇ ಕೈ ಕೈ ಮಿಲಾಯಿಸಿದ್ದನ್ನು ನಾವು ಮಕ್ಕಳು ಕಣ್ಣಾರೆ ನೋಡಿದ್ದೇವೆ. ಅವತ್ತಿನಿಂದ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಇಬ್ಬರು ಈಗ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಾರೆ. ಅವರಿಬ್ಬರೂ ಯಾವ ಬಾವುಟವನ್ನೂ ಕಟ್ಟಿದವರಲ್ಲ. ಇದೇ ನನಗೆ ಬೇಜಾರು.

ಭಾಷೆ, ಧರ್ಮ, ಯಾವುದೂ ಗೊತ್ತಿಲ್ಲದ ಪರದೇಶದ ನಾವಿಕರು ನಮ್ಮ ಬಾವುಟಕ್ಕೆ ಜಾಗ ಕೊಡುತ್ತಾರೆ. ಒಂದೇ ಬಾವಿಯ ನೀರು ಕುಡಿದು ಬೆಳೆದ ನಾವು ಪಕ್ಕದ ಬೀದಿಯವರ ಬಾವುಟಕ್ಕೆ ಒಂದು ಗಳ ನೆಡಲು ಜಾಗ ಕೊಡಲಾರೆವೇ?

ಅದಕ್ಕೆ ಗುರುಗಳಲ್ಲಿ ನನ್ನದೊಂದು ವಿನಂತಿ. ಈ ಸಲ ನಮ್ಮ ಮೈದಾನದಲ್ಲಿ ಕ್ರೀಡಾಕೂಟ ನಡೆದರೆ, ಬರುವ ಎಲ್ಲಾ ಶಾಲೆಗಳ ಬಾವುಟಗಳನ್ನೂ ಒಂದೇ ಎತ್ತರದ ಗಳಗಳಿಗೆ ಕಟ್ಟೋಣ. ರಾಷ್ಟ್ರಧ್ವಜ ಅದರ ಕಂಬದಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರಲಿ. ನಾವು ಬೇರೆ ಶಾಲೆಗೆ ಆಡಲು ಹೋದಾಗ ಮೊದಲು ಅವರ ಬಾವುಟಕ್ಕೆ ವಂದಿಸಿ ಆಮೇಲೆ ಕಣಕ್ಕೆ ಇಳಿಯೋಣ. ಗೆಲ್ಲುವುದು, ಸೋಲುವುದು ಆಮೇಲಿನ ಮಾತು. ಗಳಗಳನ್ನು ತರುವ ಕೆಲಸ ನನ್ನದು, ಬಾವುಟ ಹೊಲಿಯಲು ಇಬ್ಬರು ಗೆಳತಿಯರು ಒಪ್ಪಿದ್ದಾರೆ. ಗುಂಡಿ ತೋಡಲು ಯಾರು ಬರುತ್ತೀರಿ? ಹೆಸರು ಕೊಡಿ.