ಹಳೆ ಗೇಮಿಗೂ ಹೊಸ ಟಿವಿಗೂ ನಡುವೆ ಯಾವ ಪೆಟ್ಟಿಗೆ?



ಪಾಠ, ಪರೀಕ್ಷೆ, ಕಲೋತ್ಸವಗಳ ಮಾತು ಈ ಸಲ ಸ್ವಲ್ಪ ಬದಿಗಿರಲಿ. ರಜೆ ಶುರುವಾದರೆ ಸಾಕು, ನಮ್ಮ ಹಳೆ ವಿದ್ಯಾರ್ಥಿಗಳೂ ಕೆಲವು ಹೆತ್ತವರೂ ಒಂದು ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. "ಮಾಷ್ಟ್ರೇ, ಅಟ್ಟದಲ್ಲಿದ್ದ ಟಿವಿ ಗೇಮು ಇಳಿಸಿದ್ದೇವೆ. ಹೊಸ ಟಿವಿಗೆ ಹಾಕಿದರೆ ಚಿತ್ರ ಚೆಂದ ಬರುವುದಿಲ್ಲ. ನಡುವೆ ಒಂದು ಪೆಟ್ಟಿಗೆ ಹಾಕಬೇಕಂತೆ. ಯಾವುದು ತೆಗೆದುಕೊಳ್ಳುವುದು?"

ನಮ್ಮ ಕಾಸರಗೋಡಿನ ಕಡೆ ಈ ಪ್ರಶ್ನೆ ಬರುವುದು ಸಹಜ. 1990ರ ದಶಕದ ಕ್ಯಾಸೆಟ್ ಹಾಕುವ ಟಿವಿ ಗೇಮು ಕೆಲವು ಮನೆಗಳಲ್ಲಿ ಉಳಿದಿದೆ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ನಕಲುಗಳು ಅವು. ಕೊಲ್ಲಿಯಲ್ಲಿ ದುಡಿಯುವ ಮಾವನೋ ಅಣ್ಣನೋ ತಂದ ಪ್ಲೇಸ್ಟೇಷನ್ ಇನ್ನು ಕೆಲವು ಮನೆಗಳಲ್ಲಿದೆ. ಯಂತ್ರ ಇನ್ನೂ ಓಡುತ್ತದೆ, ಅದಕ್ಕೆ ಹೊಂದುತ್ತಿದ್ದ ದಪ್ಪ ಹೊಟ್ಟೆಯ ಟಿವಿ ಮಾತ್ರ ಗುಜರಿಗೆ ಹೋಗಿದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಪೆಟ್ಟಿಗೆಯ ಮೇಲೆ ಅಚ್ಚಾದ 1080, 4ಕೆ ಎಂಬ ಅಂಕಿ ನೋಡಿ ಅಪ್‌ಸ್ಕೇಲರ್ ಕೊಳ್ಳಬೇಡಿ. ನಿಮ್ಮ ಗೇಮಿನ ಹಿಂದಿನಿಂದ ಯಾವ ತಂತಿ ಹೊರಡುತ್ತದೆ, ಆ ತಂತಿಯಲ್ಲಿ ಎಂಥ ಚಿತ್ರ ಬರುತ್ತದೆ ಎಂದು ನೋಡಿ ಕೊಳ್ಳಿ. ಹಾಗೆ ನೋಡಿದರೆ ನಮ್ಮ ಹೆಚ್ಚಿನ ಮನೆಗಳಿಗೆ ದುಬಾರಿ ಪೆಟ್ಟಿಗೆಯೂ ಬೇಡ, ತೀರಾ ಅಗ್ಗದ್ದೂ ಬೇಡ.

ಯಾಕೆ ಹೀಗೆನ್ನುತ್ತೇವೆ ಎಂದರೆ, ಹಳೆ ಟಿವಿ ಚಿತ್ರ ಬರೆಯುತ್ತಿದ್ದ ರೀತಿಯೇ ಬೇರೆ. ಒಂದು ಸಲಕ್ಕೆ ಬೆಸ ಗೆರೆಗಳು, ಮುಂದಿನ ಸಲಕ್ಕೆ ಸಮ ಗೆರೆಗಳು. ಅಮೆರಿಕ, ಜಪಾನಿನ ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 60 ಸಲ, ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ 50 ಸಲ. ಎರಡು ಅರ್ಧ ಸೇರಿ ಒಂದು ಪೂರ್ಣ ಚಿತ್ರ. ಇದನ್ನು 480ಐ ಎನ್ನುತ್ತಾರೆ (ಪಾಲ್‌ನಲ್ಲಿ 576ಐ). ಹಳೆ ಗೇಮ್ ಯಂತ್ರಗಳು ಇಲ್ಲೊಂದು ಉಪಾಯ ಮಾಡಿದವು. ಪ್ರತಿ ಸಲವೂ ಅದೇ ಗೆರೆಗಳ ಮೇಲೆ ಬರೆದು, 240 ಗೆರೆಗಳ ಪೂರ್ಣ ಚಿತ್ರವನ್ನೇ ಸೆಕೆಂಡಿಗೆ 60 ಸಲ ಕಳಿಸಿದವು. ಇದು 240ಪಿ. ಹಳೆ ಟಿವಿಗೆ ಇದರಿಂದ ಏನೂ ತೊಂದರೆ ಆಗಲಿಲ್ಲ.

ಹೊಸ ಟಿವಿ ಇಲ್ಲಿ ಎಡವುತ್ತದೆ. ಎರಡರ ತಾಳವೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬಹಳಷ್ಟು ಟಿವಿಗಳು 240ಪಿಯನ್ನು 480ಐ ಎಂದೇ ತಿಳಿದು, ಬೇರೆ ಬೇರೆ ಕ್ಷಣದ ಎರಡು ಪೂರ್ಣ ಚಿತ್ರಗಳನ್ನು ಎರಡು ಅರ್ಧಗಳೆಂದು ಹೆಣೆಯುತ್ತವೆ. ಓಡುವ ಪಾತ್ರದ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಪೆಟ್ಟು ತಿಂದ ಪಾತ್ರ ಮಿನುಗುತ್ತದಲ್ಲ, ಅಂದರೆ ಒಂದು ಚಿತ್ರ ಬಿಟ್ಟು ಒಂದರಲ್ಲಿ ಕಾಣಿಸುತ್ತದಲ್ಲ, ಅದು ಗೆರೆಗೆರೆಯಾಗುತ್ತದೆ ಇಲ್ಲವೇ ಮಾಯವಾಗುತ್ತದೆ. ಗೇಮು ಕಳಿಸಿದ್ದು ಸರಿಯಾದ ಚಿತ್ರವನ್ನೇ, ಓದಿದವರು ತಪ್ಪಾಗಿ ಓದಿದ್ದಾರೆ.

ಆದ್ದರಿಂದ ಪೆಟ್ಟಿಗೆ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದು 240ಪಿಯನ್ನು ಗುರುತಿಸುತ್ತದೆಯೇ? ಜೊತೆಗೆ, ನಮ್ಮಲ್ಲಿಯ 50ರ ತಾಳವನ್ನು 50 ಆಗಿಯೇ ಕಳಿಸುತ್ತದೆಯೇ? 50ನ್ನು ಬಲವಂತವಾಗಿ 60 ಮಾಡುವ ಪೆಟ್ಟಿಗೆಯಲ್ಲಿ ಪರದೆ ಸರಿಯುವಾಗ ತಡೆತಡೆದು ಸರಿಯುತ್ತದೆ.

ಎರಡನೆಯದು ತಡ. ಇದು ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. 60ರ ತಾಳದಲ್ಲಿ ಒಂದು ಚಿತ್ರಕ್ಕೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡ್. ಕೆಲವು ಟಿವಿಗಳು ಚಿತ್ರವನ್ನು ತಿದ್ದಿ ತೀಡುವುದರಲ್ಲೇ 100 ಮಿಲಿಸೆಕೆಂಡ್‌ವರೆಗೆ ತೆಗೆದುಕೊಳ್ಳುತ್ತವೆ. ಎಂದರೆ ಆರು ಚಿತ್ರಗಳಷ್ಟು ಹಿಂದೆ. ಮಗು ಹೊಂಡದ ಅಂಚು ಕಂಡ ಕೂಡಲೇ ಗುಂಡಿ ಒತ್ತುತ್ತದೆ, ಆದರೆ ಕಂಡದ್ದು ಆಗಲೇ ಹಳತಾದ ಚಿತ್ರ. ಮಾರಿಯೋ ಹೊಂಡಕ್ಕೆ ಬೀಳುತ್ತಾನೆ. ಪಕ್ಕದಲ್ಲಿ ಕುಳಿತ ದೊಡ್ಡವರು "ನಿನಗೆ ಚುರುಕು ಸಾಲದು, ನಾವೆಲ್ಲ ಎಷ್ಟು ಚೆನ್ನಾಗಿ ಆಡುತ್ತಿದ್ದೆವು" ಎನ್ನುತ್ತಾರೆ. ತಪ್ಪು ಪೆಟ್ಟಿಗೆಯದು, ಮಾತು ಕೇಳಿಸಿಕೊಂಡದ್ದು ಮಗು. ತರಗತಿಯಲ್ಲಿ ದಿನಾ ಮಕ್ಕಳ ಜೊತೆ ಇರುವ ನಮಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ತನ್ನದಲ್ಲದ ತಪ್ಪಿಗೆ ಎರಡು ಸಲ ದಡ್ಡ ಎನಿಸಿಕೊಂಡ ಮಗು ಮೂರನೇ ಸಲ ಪ್ರಯತ್ನ ಪಡುವುದಿಲ್ಲ.

ಇದಕ್ಕೆ ಕಾಸಿಲ್ಲದ ಮದ್ದೊಂದಿದೆ. ಟಿವಿಯ ಸೆಟ್ಟಿಂಗ್‌ನಲ್ಲಿ 'ಗೇಮ್ ಮೋಡ್' ಇದ್ದರೆ ಹಾಕಿಕೊಳ್ಳಿ. ಟಿವಿಯ ಅಲಂಕಾರವೆಲ್ಲ ನಿಂತು ತಡ ಬಹಳ ಮಟ್ಟಿಗೆ ಇಳಿಯುತ್ತದೆ. ಯಾವ ಪೆಟ್ಟಿಗೆ ಕೊಳ್ಳುವ ಮೊದಲೂ ಇದನ್ನು ಮಾಡಿ ನೋಡಿ.

ಮೂರನೆಯದು ಅಳತೆ. ಭೂಪಟವನ್ನು ಪುಸ್ತಕದಿಂದ ಚಾರ್ಟಿಗೆ ದೊಡ್ಡದು ಮಾಡಲು ನಾವು ಮಕ್ಕಳಿಗೆ ಚೌಕ ಹಾಕುವುದನ್ನು ಕಲಿಸುತ್ತೇವೆ. ಪುಸ್ತಕದ ಒಂದು ಚೌಕಕ್ಕೆ ಚಾರ್ಟಿನಲ್ಲಿ ಮೂರೋ ನಾಲ್ಕೋ ಪಟ್ಟು, ಆದರೆ ಎಲ್ಲ ಚೌಕಕ್ಕೂ ಒಂದೇ ಪಟ್ಟು. ಅಪ್‌ಸ್ಕೇಲರ್ ಮಾಡಬೇಕಾದ್ದೂ ಇದೇ ಕೆಲಸ. 240ರ ಮೂರು ಪಟ್ಟು 720, ಒಂಬತ್ತು ಪಟ್ಟು 2160. ಇವೆರಡೂ ಸರಿಯಾಗಿ ಕೂರುತ್ತವೆ. 1080 ಮಾತ್ರ ನಾಲ್ಕೂವರೆ ಪಟ್ಟು. ಇಲ್ಲಿ ಒಳ್ಳೆಯ ಪೆಟ್ಟಿಗೆ ನಾಲ್ಕು ಪಟ್ಟು ಮಾಡಿ ಮೇಲೆ ಕೆಳಗೆ ಕಪ್ಪು ಬಿಡುತ್ತದೆ, ಇಲ್ಲವೇ ಐದು ಪಟ್ಟು ಮಾಡಿ ಅಂಚು ಕತ್ತರಿಸುತ್ತದೆ. ಕೆಟ್ಟ ಪೆಟ್ಟಿಗೆ ಒಂದು ಗೆರೆಗೆ ನಾಲ್ಕು, ಇನ್ನೊಂದಕ್ಕೆ ಐದು ಕೊಡುತ್ತದೆ, ಅಥವಾ ಸೀಮೆಸುಣ್ಣದ ಗೆರೆ ಮೇಲೆ ಕೈ ಆಡಿಸಿದಂತೆ ಎಲ್ಲವನ್ನೂ ಮಸುಕು ಮಾಡುತ್ತದೆ. ಅಗಲದ ಕತೆಯೂ ಹಾಗೆಯೇ. ಹಳೆ ಗೇಮಿನ ಚಿತ್ರ 4:3ರ ಅಳತೆಯದು. ಅದನ್ನು 16:9ಕ್ಕೆ ಎಳೆದರೆ ಮಾರಿಯೋನ ಹೊಟ್ಟೆ ಇನ್ನೂ ದಪ್ಪಗಾಗುತ್ತದೆ. ಎಡಬಲದಲ್ಲಿ ಕಪ್ಪು ಪಟ್ಟಿ ಕಂಡರೆ ದುಡ್ಡು ದಂಡವಾಯಿತೆಂದು ತಿಳಿಯಬೇಡಿ. ಅದು ಸರಿಯಾದ ಲಕ್ಷಣ.

ಇನ್ನು ತಂತಿಯ ಮಾತು. ನಮ್ಮ ಮನೆಗಳ ಕ್ಯಾಸೆಟ್ ಗೇಮಿನಲ್ಲಿ ಹಳದಿ ಪಿನ್ನಿನ ಕಾಂಪೋಸಿಟ್ ಇರುತ್ತದೆ. ಇದರಲ್ಲಿ ಬಣ್ಣ, ಬೆಳಕು ಎರಡೂ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ಸಾರು ಕಲಸಿದ ಅನ್ನವನ್ನು ಮತ್ತೆ ಬೇರ್ಪಡಿಸಿದ ಹಾಗೆ, ಬೆರೆತದ್ದನ್ನು ಯಾವ ದುಬಾರಿ ಪೆಟ್ಟಿಗೆಯೂ ಪೂರ್ತಿ ಬಿಡಿಸಲಾರದು. ಪಿಎಸ್2 ಇದ್ದವರ ಅದೃಷ್ಟ ಉತ್ತಮ. ಅದಕ್ಕೆ ಕೆಂಪು, ಹಸಿರು, ನೀಲಿ ಪಿನ್ನಿನ ಕಾಂಪೊನೆಂಟ್ ಕೇಬಲ್ ಹಾಕಬಹುದು. ನಿಮ್ಮ ಟಿವಿಯಲ್ಲಿ ಆ ಮೂರು ತೂತುಗಳಿದ್ದರೆ ಮೊದಲು ಆ ಕೇಬಲ್ ಮಾತ್ರ ಕೊಂಡು ನೋಡಿ. ಎಷ್ಟೋ ಮಂದಿಗೆ ಅಲ್ಲಿಗೇ ಸಮಾಧಾನವಾಗುತ್ತದೆ.

ಪೆಟ್ಟಿಗೆಗಳಿಗೆ ಬರೋಣ. ಕೆಲವು ನೂರು ರೂಪಾಯಿಗೆ ಸಿಗುವ 'ಎವಿ ಟು ಎಚ್‌ಡಿಎಂಐ' ಡಿವಿಡಿ ನೋಡಲು ಆದೀತು. ಅವುಗಳಲ್ಲಿ ಹೆಚ್ಚಿನವು 240ಪಿಯನ್ನು ಗುರುತಿಸುವುದಿಲ್ಲ, ಚಿತ್ರವನ್ನು ಅಗಲಕ್ಕೆ ಎಳೆಯುತ್ತವೆ. ಪಿಎಸ್2ಗೆಂದು ಸಿಗುವ ಬೆರಳಷ್ಟು ಉದ್ದದ ಎಚ್‌ಡಿಎಂಐ ಪಿನ್ನುಗಳು ಸಾಮಾನ್ಯವಾಗಿ ತಂತಿಯ ರೂಪ ಬದಲಿಸುತ್ತವೆ ಅಷ್ಟೆ. ದೊಡ್ಡದು ಮಾಡುವ ಕೆಲಸ ಟಿವಿಗೇ ಉಳಿಯುತ್ತದೆ.

ಫಿನ್‌ಲೆಂಡಿನ ಮಾರ್ಕುಸ್ ಹಿಯೆಂಕಾರಿ ರೂಪಿಸಿದ ಒಎಸ್‌ಎಸ್‌ಸಿ ಎಂಬ ಪೆಟ್ಟಿಗೆಯ ವಿನ್ಯಾಸ ಎಲ್ಲರಿಗೂ ಮುಕ್ತ. ಗೆರೆ ಬಂದ ಹಾಗೆ ಎರಡರಿಂದ ಐದು ಪಟ್ಟು ಮಾಡಿ ದಾಟಿಸುವುದರಿಂದ ತಡ ಇಲ್ಲವೆಂದೇ ಹೇಳಬಹುದು. ಆದರೆ ಅದು ಕಾಂಪೋಸಿಟ್ ತೆಗೆದುಕೊಳ್ಳುವುದಿಲ್ಲ, ಕೆಲವು ಟಿವಿಗಳು ಅದು ಕಳಿಸುವ ತಾಳವನ್ನು ಒಪ್ಪುವುದೂ ಇಲ್ಲ. ಹೊಗಳಿಕೆ ಓದಿ ತರಿಸಿಕೊಂಡು, ಹಳದಿ ಪಿನ್ ಸಿಕ್ಕಿಸಲು ಜಾಗವಿಲ್ಲದೆ ಕುಳಿತರೆ ಏನು ಪ್ರಯೋಜನ?

ಅಮೆರಿಕದ ಮೈಕ್ ಚಿ ಅವರ ರೆಟ್ರೋಟಿಂಕ್ 2ಎಕ್ಸ್ 2018ರಲ್ಲಿ ಬಂತು. ಕಾಂಪೋಸಿಟ್ ತೆಗೆದುಕೊಳ್ಳುತ್ತದೆ, 240ನ್ನು 240 ಎಂದೇ ಗುರುತಿಸಿ ಎರಡು ಪಟ್ಟು ಮಾಡುತ್ತದೆ, ತಡ ಸೇರಿಸುವುದಿಲ್ಲ. ನಮ್ಮ ಕ್ಯಾಸೆಟ್ ಗೇಮಿಗೆ ಈ ಜಾತಿಯ ಪೆಟ್ಟಿಗೆ ಸಾಕು. 2021ರ 5ಎಕ್ಸ್ ಇನ್ನೂ ಸಮರ್ಥ. ಪಿಎಸ್2ರ ಹೆಚ್ಚಿನ ಗೇಮುಗಳು 240ಪಿ ಅಲ್ಲ, ನಿಜವಾಗಿಯೂ ಬೆಸ-ಸಮ ಗೆರೆಗಳ ಚಿತ್ರ ಕಳಿಸುವವು. ಗೆರೆ ದ್ವಿಗುಣಗೊಳಿಸುವ ಸರಳ ಪೆಟ್ಟಿಗೆಯಲ್ಲಿ ಅವು ನಡುಗಿದಂತೆ ಕಾಣುತ್ತವೆ. 5ಎಕ್ಸ್ ಚಲನೆಯನ್ನು ಗಮನಿಸಿ ಹೆಣೆಯುವುದರಿಂದ ಚಿತ್ರ ನಿಲ್ಲುತ್ತದೆ. ಪಿಎಸ್2ನ್ನೇ ಹೆಚ್ಚು ಆಡುವವರು, ಕೈಯಲ್ಲಿ ಹಣ ಇದ್ದರೆ, ಇಲ್ಲಿಯವರೆಗೆ ಹೋಗಬಹುದು.

2023ರ ಕೊನೆಗೆ ಬಂದ ರೆಟ್ರೋಟಿಂಕ್ 4ಕೆಯ ಬೆಲೆ 750 ಡಾಲರ್ ಇತ್ತು. ನಮ್ಮ ಲೆಕ್ಕದಲ್ಲಿ 60 ಸಾವಿರ ರೂಪಾಯಿ ದಾಟುತ್ತದೆ, ಸಾಗಾಟ ಮತ್ತು ಸುಂಕ ಬೇರೆ. ಅದ್ಭುತ ಯಂತ್ರ, ಅನುಮಾನವಿಲ್ಲ. ಆದರೆ ಹಳದಿ ಪಿನ್ನಿನ ನಕಲು ಯಂತ್ರಕ್ಕೆ ಅದನ್ನು ಹಾಕುವುದು ಇಲಿ ಹಿಡಿಯಲು ಬೆಟ್ಟ ಅಗೆದಂತೆ. ಸಂಗ್ರಹಕಾರರು ಕೊಳ್ಳಲಿ. ಮಕ್ಕಳ ಫೀಸು, ಮನೆಯ ಸಾಲ ತೂಗಿಸುವವರು ಅತ್ತ ನೋಡುವುದೂ ಬೇಡ.

"ಇಷ್ಟೆಲ್ಲ ಯಾಕೆ, ಮೊಬೈಲಿನಲ್ಲೇ ಆ ಗೇಮು ಆಡಬಹುದಲ್ಲ" ಎನ್ನುವವರಿದ್ದಾರೆ. ಗೇಮು ಮಾತ್ರ ಬೇಕಾದವರಿಗೆ ಅದು ಸರಿ. ಆದರೆ ಇಬ್ಬರು ಒಂದೇ ಪರದೆ ಮುಂದೆ ಚಾಪೆ ಹಾಕಿ ಕುಳಿತು ಕಾಂಟ್ರಾ ಆಡುವುದು ಒಂದು ಬಗೆ, ಒಬ್ಬೊಬ್ಬರೇ ಮೂಲೆ ಹಿಡಿದು ಮೊಬೈಲ್ ಒತ್ತುವುದು ಇನ್ನೊಂದು ಬಗೆ. ನಾವು ಮೊದಲನೆಯದರ ಪರ.

ಇನ್ನೂ ಒಂದು ಮಾತು. ಹಕ್ಕಿಗೆ ಗುರಿಯಿಡುವ ಬಂದೂಕಿನ ಗೇಮಿಗೆ ಇವ್ಯಾವ ಪೆಟ್ಟಿಗೆಯೂ ಜೀವ ಕೊಡುವುದಿಲ್ಲ. ಆ ಬಂದೂಕು ಹಳೆ ಟಿವಿಯ ಕಿರಣ ಬೆಳಗುವ ಕ್ಷಣವನ್ನೇ ನಂಬಿಕೊಂಡದ್ದು. ನಿಮ್ಮ ಮನೆಯಲ್ಲಿ ಸುಸ್ಥಿತಿಯ ಹಳೆ ಟಿವಿ ಇನ್ನೂ ಇದ್ದರೆ ಗುಜರಿಯವನನ್ನು ಕರೆಯುವ ಮೊದಲು ಎರಡು ಸಲ ಯೋಚಿಸಿ. ಹಳೆ ಗೇಮಿಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ, ಪೆಟ್ಟಿಗೆಯ ಖರ್ಚೂ ಇಲ್ಲ.

ಕೊಳ್ಳುವುದೇ ಆದರೆ, ಸಾಧ್ಯವಿದ್ದಲ್ಲಿ ನಿಮ್ಮ ಯಂತ್ರವನ್ನೇ ಹಿಡಿದುಕೊಂಡು ಹೋಗಿ ಹಾಕಿ ನೋಡಿ. ಮಿನುಗುವ ಪಾತ್ರ ಮಿನುಗುತ್ತದೆಯೇ, ಸರಿಯುವ ಪರದೆ ನಯವಾಗಿ ಸರಿಯುತ್ತದೆಯೇ, ವೃತ್ತ ವೃತ್ತವಾಗಿಯೇ ಇದೆಯೇ, ಒತ್ತಿದ ಕೂಡಲೇ ಹಾರುತ್ತದೆಯೇ. ಈ ನಾಲ್ಕಕ್ಕೂ ಹೌದು ಎಂದಾದರೆ ಪೆಟ್ಟಿಗೆಯ ಮೇಲೆ ಯಾವ ಅಂಕಿ ಇದ್ದರೂ ಅದು ಪಾಸು. ಒಂದಕ್ಕೆ ಇಲ್ಲವೆಂದರೂ ಅಂಗಡಿಯವನು ಎಷ್ಟೇ ಹೊಗಳಲಿ, ವಾಪಸು ಕೊಟ್ಟು ಬನ್ನಿ. ಮಗುವಿನ ಕೈಯಲ್ಲೇ ಒಮ್ಮೆ ಆಡಿಸಿ ನೋಡಿದರೆ ಇನ್ನೂ ಒಳ್ಳೆಯದು.